ಐರ್ಲೆಂಡ್ ಸಂಸತ್ತಿನಲ್ಲಿ ನಾನಿಲ್ಲ

ಐರ್ಲೆಂಡ್ ದೇಶದ ಸಂಸತ್ತಿನಲ್ಲಿ ಒಬ್ಬರು ಎದ್ದು, ನಾನು ಇಲ್ಲವೇ ಇಲ್ಲ ಎಂದು ಸಾರಿದ ಸಂಜೆ, ದೋಹಾದ ಬಿನ್ ಒಮ್ರಾನ್‌ನ ನಮ್ಮ ಫ್ಲ್ಯಾಟಿನಲ್ಲಿ ನಾನು ಗೋಳಿಬಜೆ ಕರಿಯುತ್ತಿದ್ದೆ. ಅದೂ ಯಾರಿಗೆ? ಆ ಸಂಸತ್ತನ್ನು ನೋಡಲೆಂದು ನಮ್ಮ ಕಂಪ್ಯೂಟರಿನ ಮುಂದೆ ಕಾಲು ಚಾಚಿ ಕೂತ ಗಂಡಸರಿಗೆ!

ನಾನು ಇದ್ದೇನೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹೆಸರು ಕೊನ್ಸೆಪ್ಟಾ, ಊರು ಶಿರ್ವ. ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಗೆ ಟೈಪಿಸ್ಟಾಗಿ ಬಂದವಳು. ಈಗ ಅಲ್ಲಿ ಮ್ಯಾನೇಜರು ಕೂಡ ನನ್ನ ಮುಖ ನೋಡಿಯೇ ರಜೆ ಹಾಕುತ್ತಾರೆ. ಮದುವೆಯಾಗಲಿಲ್ಲ, ಅದಕ್ಕೆ ಪುರುಸೊತ್ತೂ ಸಿಗಲಿಲ್ಲ. ತಮ್ಮ ಆನ್ಸೆಲ್ಮ್ ಮತ್ತು ಅವನ ಮಗಳು ಟೀನಾ ನನ್ನ ಜೊತೆಗೇ ಇದ್ದರು. ಅವನ ಹೆಂಡತಿ ಅಗಾತಾ ನರ್ಸು. ಆ ವರ್ಷಗಳಲ್ಲಿ ಗಲ್ಫಿನ ನರ್ಸುಗಳು ಒಬ್ಬರ ಹಿಂದೆ ಒಬ್ಬರು ಐರ್ಲೆಂಡಿಗೆ ಹೊರಟಾಗ ಇವಳೂ ಹೊರಟಳು. "ಆರೇ ತಿಂಗಳು ಅಕ್ಕ, ಅಷ್ಟರಲ್ಲಿ ಇಬ್ಬರನ್ನೂ ಕರೆಸಿಕೊಳ್ತೇನೆ, ಅಲ್ಲಿವರೆಗೆ ಟೀನಾನ ಸ್ವಲ್ಪ ನೋಡಿಕೊಳ್ಳಿ" ಎಂದು ಕಣ್ಣೀರು ಸುರಿಸಿ ವಿಮಾನ ಹತ್ತಿದಳು. ವರ್ಷ ದಾಟಿದರೂ ವೀಸಾದ ಸುದ್ದಿಯಿಲ್ಲ. ಅರ್ಜಿ ಅಲ್ಲಿನ ಯಾವುದೋ ಕಪಾಟಿನಲ್ಲಿ ಮಲಗಿ ಗೊರಕೆ ಹೊಡೆಯುತ್ತಿತ್ತು.

ಟೀನಾಗೆ ಆಗ ಐದು ವರ್ಷ. ಕೂದಲು ಸೊಂಟ ಮುಟ್ಟುತ್ತಿತ್ತು. ದಿನಾ ಬೆಳಗ್ಗೆ ಸ್ಕೂಲ್ ಬಸ್ಸು ಹಾರ್ನ್ ಹೊಡೆಯುವುದರೊಳಗೆ ಅದಕ್ಕೆ ತೆಂಗಿನೆಣ್ಣೆ ಹಚ್ಚಿ, ಎರಡು ಜಡೆ ಹಾಕಿ, ರಿಬ್ಬನ್ ಕಟ್ಟುತ್ತಿದ್ದವಳು ನಾನು. ಆ ಜಡೆಗೆ ಇನ್ನೊಂದು ಉಪಯೋಗವಿತ್ತು. ತಾಯಿಯ ಫೋನ್ ಬಂದರೆ ಟೀನಾ ರಿಸೀವರನ್ನು ಕಿವಿಗೆ ಹಿಡಿಯುವವಳಲ್ಲ, ಜಡೆಗೆ ಒತ್ತಿ "ಮಮ್ಮಿ, ಮುಟ್ಟಿ ನೋಡು" ಎನ್ನುವಳು. ಎಣ್ಣೆ ಹತ್ತಿದ ರಿಸೀವರ್ ಒರೆಸುವುದೂ ನನ್ನ ಕೆಲಸವೇ.

ಹೀಗಿರುವಾಗ ಅಗಾತಾ ಐರ್ಲೆಂಡಿನಲ್ಲಿ ತಾನಿರುವ ಊರಿನ ಸಂಸದೆಯೊಬ್ಬರನ್ನು ಕಂಡಳು. ನೋರಾ ಕಿನ್ಸೆಲಾ ಎಂದು ಹೆಸರು. ಪ್ರತಿ ಶನಿವಾರ ಒಂದು ಬಾರಿನ ಹಿಂದಿನ ಕೋಣೆಯಲ್ಲಿ ಕೂತು ಜನರ ಕಷ್ಟ ಕೇಳುತ್ತಾರಂತೆ. ಬಾರ್ ಎಂದ ಕೂಡಲೇ ಆನ್ಸೆಲ್ಮನ ಮುಖ ಬಿಳುಚಿಕೊಂಡಿತು. ಅವನ ಗೆಳೆಯ ಬಾವನಿಗೆ ಬಾರಿನ ಚಿಂತೆಯಿರಲಿಲ್ಲ. ಬಾವ ಎಂಬುದು ಹೆಸರು, ನಮಗೆ ಅವನು ನೆಂಟನಲ್ಲ. ಬಾವ ಉಮ್ಮ್ ಸಲಾಲ್‌ನಲ್ಲಿ ಕುಚಲಕ್ಕಿ, ಒಣಮೀನು ಮಾರುವ ಅಂಗಡಿಯವನು. ಹಿಂದೆ ವಿಟ್ಲದ ಕಡೆ ಒಂದು ಅವಧಿಗೆ ಪಂಚಾಯತಿ ಮೆಂಬರಾಗಿದ್ದವನು. ಹಾಗಾಗಿ ರಾಜಕೀಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

"ಯಾವ ಪಾರ್ಟಿ?" ಎಂದು ಕೇಳಿದ.

"ಅಪೊಸಿಷನ್" ಎಂದ ಆನ್ಸೆಲ್ಮ್.

ಕ್ರಿಶ್ಚಿಯನ್ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಮ್ಮ ಎನ್ನುವುದು ನಮ್ಮೂರ ಕಡೆಯ ರೂಢಿ. ಬಾವ ತಲೆಯ ಮೇಲೆ ಕೈಯಿಟ್ಟುಕೊಂಡ. "ಎಂತ ಪೊರ್ಬುಗಳೇ ಇದು! ಅಪೊಸಿಷನ್‌ನವರಿಂದ ಎಂತ ಆಗ್ತದೆ? ಅದೂ ಅಗಾತಾ ಬಾಯಮ್ಮನಿಗೆ ಅಲ್ಲಿ ಓಟು ಉಂಟಾ? ಇಲ್ಲ. ಓಟಿಲ್ಲದವರ ಕೆಲಸ ಮಾಡುವ ರಾಜಕಾರಣಿ ಎಲ್ಲಾದರೂ ಇದ್ದಾರಾ ಮಾರಾಯ್ರೆ?"

ಆದರೂ ನೋರಾ ನಮ್ಮ ವಿಷಯವನ್ನು ಸಂಸತ್ತಿನಲ್ಲಿ ಎತ್ತುವ ಆ ಸಂಜೆ ಎಲ್ಲರಿಗಿಂತ ಮೊದಲು ಬಂದು ಕೂತವನು ಅವನೇ. ಇಂಟರ್ನೆಟ್ಟಿನಲ್ಲಿ ಚಿತ್ರ ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಎಂಬಂತೆ ಬಂತು. ದೊಡ್ಡ ಸಭಾಂಗಣ, ಉದ್ದುದ್ದ ಆಸನಗಳು, ಒಳಗೆ ಬೆರಳೆಣಿಕೆಯ ಜನ. "ಇದೆಂತ, ಕೋರಂ ಇಲ್ಲವಾ? ನಮ್ಮ ಪಂಚಾಯತಿಯಲ್ಲಿ ಚಾ ಕೊಡದ ದಿನವೂ ಇದಕ್ಕಿಂತ ಜಾಸ್ತಿ ಜನ ಇರ್ತಿದ್ರು" ಎಂದ ಬಾವ.

ಮೋಟು ಕೂದಲಿನ ನೋರಾ ಕಿನ್ಸೆಲಾ ಎದ್ದು ನಿಂತರು. ನಾನು ಕೈಯಲ್ಲಿ ಜಾಲರಿ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದೆ. ತಮ್ಮ ಕ್ಷೇತ್ರದ ಆಸ್ಪತ್ರೆಯ ನರ್ಸು, ಅವರ ಗಂಡ, ಮಗಳು, ಉತ್ತರವಿಲ್ಲದ ಅರ್ಜಿ ಎಂದು ಚೆನ್ನಾಗಿಯೇ ಹೇಳಿದರು. ಆಮೇಲೆ ಸ್ವರ ಮೆದುವಾಯಿತು. "ಆ ಐದು ವರ್ಷದ ಕೂಸು ಮರುಭೂಮಿಯ ನಾಡಿನಲ್ಲಿ, ತಲೆ ಬಾಚಲು ಒಂದು ಹೆಣ್ಣಿನ ಕೈಯೂ ಇಲ್ಲದೆ ಬೆಳೆಯುತ್ತಿದೆ" ಎಂದುಬಿಟ್ಟರು!

ನನ್ನ ಮೈಯೆಲ್ಲ ಉರಿಯಿತು. ಹೆಣ್ಣಿನ ಕೈಯೂ ಇಲ್ಲವಂತೆ! ಹಾಗಾದರೆ ಇದೇನು, ತೆಂಗಿನ ಮರದ ಕೊತ್ತಳಿಗೆಯಾ? ಟೀನಾ ಅಲ್ಲೇ ನೆಲದಲ್ಲಿ ಕೂತು, ನಾನು ಹಾಕಿದ ಜಡೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಆನ್ಸೆಲ್ಮ್ ನನ್ನ ಕಡೆ ತಿರುಗುವ ಧೈರ್ಯ ಮಾಡಲಿಲ್ಲ.

ಮಂತ್ರಿಯೊಬ್ಬ ಎದ್ದು ಕಾಗದ ನೋಡಿ, ವಿಷಯ ಪರಿಶೀಲನೆಯಲ್ಲಿದೆ ಎಂದು ಓದಿದ. ನೋರಾ ಅವನಿಗೆ ಧನ್ಯವಾದ ಹೇಳಿ ಕೂತರು. ಬಾವ ಗೋಳಿಬಜೆಯನ್ನು ತಟ್ಟೆಗೆ ವಾಪಸು ಹಾಕಿದ.

"ಥ್ಯಾಂಕ್ಸ್ ಹೇಳಿದ್ರಲ್ಲ ಮಾರಾಯ್ರೆ! ಮೈಕ್ ಕೀಳಲಿಲ್ಲ, ಪೇಪರ್ ಹರಿಯಲಿಲ್ಲ, ಸದನದ ಬಾವಿಗೆ ಇಳಿಯಲಿಲ್ಲ. ಇದು ಅಪೊಸಿಷನ್ನಾ? ಖಲಾಸ್, ನಿಮ್ಮ ಫೈಲು ಖಲಾಸ್!"

ನಾನು ಆ ರಾತ್ರಿಯೇ ಅಗಾತಾಳಿಗೆ ಫೋನ್ ಮಾಡಿ, ನಾನು ಯಾವಾಗ ಸತ್ತೆ ಎಂದು ವಿಚಾರಿಸಿದೆ. "ದೇವರಾಣೆ ಅಕ್ಕ, ನಿಮ್ಮ ವಿಷಯ ಹೇಳಿದ್ದೆ, ಅವರೇ ಬಿಟ್ಟಿರಬೇಕು" ಎಂದು ಅವಳು ಅತ್ತಳು. ನಾನು ನಂಬಲಿಲ್ಲ.

ನಾನು ಈ ಸಿಟ್ಟಿನಲ್ಲಿ ಪಾತ್ರೆ ಕುಕ್ಕುತ್ತಿದ್ದಾಗ, ಗಂಡಸರಿಬ್ಬರೂ ಬೇರೆಯೇ ಘನಕಾರ್ಯಕ್ಕೆ ಇಳಿದಿದ್ದರು. ಬಾವನ ಊರಿನಲ್ಲಿ ತೋಡು ದಾಟಲು ಬೇಕಾಗಿದ್ದ ಕಾಲುಸಂಕದ ವಿಷಯವನ್ನು ಅಪೊಸಿಷನ್‌ನವನೊಬ್ಬ ವಿಧಾನಸಭೆಯಲ್ಲಿ ಎತ್ತಿದ್ದನಂತೆ. ಮರುತಿಂಗಳೇ ಆ ಸಂಕ ಪಕ್ಕದ ಊರಿಗೆ ಮಂಜೂರಾಯಿತಂತೆ. ಇಲ್ಲಿಯೂ ಹಾಗೆ ಆಗುವ ಮೊದಲು ಆಡಳಿತ ಪಕ್ಷದವರ ಕಾಲು ಹಿಡಿಯಬೇಕು ಎಂದು ಅವನ ವಾದ. ಆ ದೇಶದಲ್ಲಿ ಒಂದೇ ಕ್ಷೇತ್ರಕ್ಕೆ ಹಲವು ಸದಸ್ಯರು, ಅವರಲ್ಲಿ ಆಡಳಿತ ಪಕ್ಷದವನೂ ಒಬ್ಬನಿದ್ದ. ಆನ್ಸೆಲ್ಮ್ ಬಾವನ ಅಂಗಡಿಯಿಂದ ಅವನ ಆಫೀಸಿಗೆ ಫೋನ್ ಮಾಡಿ, ಆ ಹೆಂಗಸಿಗೂ ನಮಗೂ ಸಂಬಂಧವಿಲ್ಲ, ಅವರು ಕೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಮ್ಮದು ತಲೆತಲಾಂತರದಿಂದ ನಿಮ್ಮದೇ ಪಕ್ಷ ಎಂದು ಹೇಳಿದ. ಶಿರ್ವದಲ್ಲಿ ಐರ್ಲೆಂಡಿನ ಪಕ್ಷ! ನನಗೆ ಇದೊಂದೂ ಗೊತ್ತಿರಲಿಲ್ಲ.

ಮುಂದಿನ ಶನಿವಾರ ಆನ್ಸೆಲ್ಮ್ ಮೀನು ತರಲು ಮಾರ್ಕೆಟ್ಟಿಗೆ ಹೋಗಿದ್ದ. ನಾನು ಟೀನಾಳನ್ನು ಮೀಯಿಸಿ ತಲೆ ಒರೆಸುತ್ತಿದ್ದೆ. ಫೋನ್ ಬಂತು. ಆ ಕಡೆ ಸಾಕ್ಷಾತ್ ನೋರಾ ಕಿನ್ಸೆಲಾ. ಹಿನ್ನೆಲೆಯಲ್ಲಿ ಗ್ಲಾಸುಗಳ ಸದ್ದು ಬೇರೆ.

"ನಿಮ್ಮ ಕುಟುಂಬಕ್ಕೆ ಈ ವಿಷಯ ಮುಂದುವರಿಸುವುದು ಇಷ್ಟವಿಲ್ಲವೆಂದು ಆಡಳಿತ ಪಕ್ಷದವರು ಹೇಳಿದರು. ಬುಧವಾರ ಮತ್ತೆ ಎತ್ತುವ ಅವಕಾಶವಿದೆ. ಎತ್ತಲೋ, ಬಿಟ್ಟುಬಿಡಲೋ?"

ಗಂಡಸರ ಕರಾಮತ್ತು ಕ್ಷಣದಲ್ಲಿ ಅರ್ಥವಾಯಿತು. ಆದರೆ ನನ್ನ ಬಾಯಿಂದ ಬೈಗುಳ ಹೊರಡಲಿಲ್ಲ. ಬಿಡಿ ಎಂದರೆ ಸಾಕಿತ್ತು. ಫೈಲು ಮಲಗಿಯೇ ಇರುತ್ತಿತ್ತು, ಟೀನಾ ನನ್ನಲ್ಲೇ ಇರುತ್ತಿದ್ದಳು, ತಪ್ಪೆಲ್ಲ ಬಾವನ ತಲೆಗೆ. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ? ಹೊಟ್ಟೆಯೊಳಗಿಂದ ಆಸೆಯಾಯಿತು.

ಆದರೆ ಮೊದಲು ನನ್ನ ಲೆಕ್ಕ ತೀರಬೇಕಿತ್ತಲ್ಲ. "ನಾನು ಯಾರು ಗೊತ್ತುಂಟಾ ಮೇಡಂ?" ಎಂದೆ ನನ್ನ ಆಫೀಸ್ ಇಂಗ್ಲಿಷಿನಲ್ಲಿ. "ನಿಮ್ಮ ಸಂಸತ್ತಿನಲ್ಲಿ ಇಲ್ಲವೆಂದು ಹೇಳಿದಿರಲ್ಲ, ಆ ಹೆಣ್ಣಿನ ಕೈ ನಾನೇ. ಈಗಲೂ ಆ ತಲೆಯ ಮೇಲೆಯೇ ಉಂಟು."

ಅವರು ಮನಸಾರೆ ಕ್ಷಮೆ ಕೇಳಿದರು. "ಅಗಾತಾ ಹೇಳಿದ್ದರು, ಮಾತಿನ ಭರದಲ್ಲಿ ನಾನೇ ನಿಮ್ಮನ್ನು ಬಿಟ್ಟೆ. ಅದನ್ನು ಸದನದಲ್ಲೇ ತಿದ್ದುತ್ತೇನೆ. ಹಾಗಾದರೆ ಮಗು ಅಲ್ಲಿ ಸುಖವಾಗಿದೆ, ಅಲ್ಲವೇ? ಅವಸರವಿಲ್ಲವೇ?"

ಅಷ್ಟರಲ್ಲಿ ಫೋನಿನೊಳಗಿನ ಹೆಣ್ಣುದನಿ ಕೇಳಿ ಟೀನಾ ಎದ್ದಳು. ಒದ್ದೆ ಕೂದಲಿನಲ್ಲೇ ಓಡಿಬಂದು ರಿಸೀವರ್ ಕಿತ್ತುಕೊಂಡು ತಲೆಗೆ ಒತ್ತಿ, "ಮಮ್ಮಿ, ಮುಟ್ಟಿ ನೋಡು" ಎಂದಳು. ಮಮ್ಮಿ ಅಲ್ಲ ಚಿನ್ನಾ ಎಂದರೆ ಕೇಳಲೇ ಇಲ್ಲ. ಕಾದಳು. ಆಮೇಲೆ ನನ್ನ ಕೈಗೆ ಫೋನ್ ಕೊಟ್ಟು, ಬಂದು ನನ್ನ ಮಡಿಲಲ್ಲಿ ಮುಖ ಮುಚ್ಚಿಕೊಂಡಳು.

"ಮಗು ಏನೆಂದಿತು?" ಎಂದರು ನೋರಾ.

ನಾನು ಅವಳ ಒದ್ದೆ ತಲೆಯ ಮೇಲೆ ಟವೆಲ್ ಹೊದಿಸಿದೆ. "ಕೇಳಿ ಮೇಡಂ, ಬರೆದುಕೊಳ್ಳಿ. ನನ್ನಷ್ಟು ಚೆಂದ ಜಡೆ ಹಾಕುವವರು ಈ ದೋಹಾದಲ್ಲಿ ಯಾರೂ ಇಲ್ಲ. ಆದರೆ ಜಡೆ ಆದ ಮೇಲೆ ಈ ಹುಡುಗಿ ಅದನ್ನು ತೋರಿಸಲಿಕ್ಕೆ ಫೋನಿನ ಹತ್ತಿರ ಓಡ್ತಾಳೆ, ನನ್ನ ಹತ್ತಿರ ಅಲ್ಲ. ಬುಧವಾರ ಎತ್ತಿ. ಯಲ್ಲಾ, ಬೇಗ!" ಎಂದು ಫೋನ್ ಇಟ್ಟೆ.

ಆನ್ಸೆಲ್ಮ್ ಮೀನಿನ ಚೀಲ ಹಿಡಿದು ಬಂದ. ಆ ದಿನ ಅವನಿಗೆ ನಾನು ಬೈದ ಬೈಗುಳವನ್ನು ಕೆಳಗಿನ ಮಹಡಿಯವರು ಈಗಲೂ ನೆನೆಯುತ್ತಾರೆ.

ಬುಧವಾರ ಗೋಳಿಬಜೆ ಇಲ್ಲ, ಅರಬರ ಮಾತಿನಲ್ಲಿ ಮಾಫಿ, ಬರೀ ಚಾ. ಅದೇ ಖಾಲಿ ಸಭಾಂಗಣದಲ್ಲಿ ನೋರಾ ಎದ್ದು, ತಮ್ಮ ಹಿಂದಿನ ಮಾತು ತಪ್ಪು, ಮಗುವಿಗೆ ಒಬ್ಬ ಸೋದರತ್ತೆ ಇದ್ದಾರೆ, ಬಹಳ ಗಟ್ಟಿ ಹೆಂಗಸು ಎಂದರು. ಬಾವ ಚಪ್ಪಾಳೆ ತಟ್ಟಿದ. ಆಮೇಲೆ ನನ್ನ ಮಾತನ್ನು ಒಂದಕ್ಷರ ಬಿಡದೆ ಓದಿದರು, ಯಲ್ಲಾ ಸಹಿತ. ಕಾಗದ ಓದಲು ಎದ್ದ ಮಂತ್ರಿ ಕಾಗದವನ್ನು ಮಡಚಿ, ಈ ಅರ್ಜಿಯನ್ನು ತಾನೇ ನೋಡುತ್ತೇನೆ ಎಂದ. ನಾನು ಇದ್ದೇನೆ ಎಂದು ಒಂದು ಸಂಸತ್ತು ಒಪ್ಪಿಕೊಂಡಿತ್ತು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಈಸ್ಟರಿನೊಳಗೆ ವೀಸಾ ಬಂತು. "ಕಂಡಿರಾ ಬಾಯಮ್ಮ, ನಮ್ಮ ಒಂದು ಫೋನಿಗೆ ಆಡಳಿತ ಪಕ್ಷ ಹೇಗೆ ಅಲ್ಲಾಡಿತು" ಎಂದು ಬಾವ ಇವತ್ತಿಗೂ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ. ನಾನು ತಿದ್ದಲು ಹೋಗಿಲ್ಲ.

ಅಪ್ಪ, ಮಗಳು ಇಬ್ಬರೂ ಹೋದ ಮೇಲೆ ಬೆಳಗ್ಗೆ ಸ್ಕೂಲ್ ಬಸ್ಸು ನಮ್ಮ ಬಿಲ್ಡಿಂಗಿನ ಮುಂದೆ ನಿಲ್ಲದೆ ಹೋಗುತ್ತಿತ್ತು. ಬಾಚಣಿಗೆ ಹಿಡಿದು ಸುಮ್ಮನೆ ನಿಂತಿರುತ್ತಿದ್ದೆ. ಒಂದು ಶುಕ್ರವಾರ, ಇಲ್ಲಿಯ ರಜಾದಿನ, ಇಗರ್ಜಿಯ ಪೂಜೆ ಮುಗಿಸಿ ಬಂದಾಗ ಫೋನ್ ಬಡಿದುಕೊಳ್ಳುತ್ತಿತ್ತು. ಎತ್ತಿದೆ. ಹಲೋ ಇಲ್ಲ, ಏನಿಲ್ಲ. ಕೂದಲು ಉಜ್ಜುವ ಸರಸರ ಸದ್ದು.

"ಕೊನ್ಸು ಆಂಟಿ, ಮುಟ್ಟಿ ನೋಡು. ಮಮ್ಮಿ ಹಾಕಿದ್ದು."

ನಾನು ಕಣ್ಣು ಮುಚ್ಚಿ, ರಿಸೀವರಿನ ಮೇಲೆ ಬೆರಳಾಡಿಸಿದೆ.

"ಎಡಗಡೆಯದ್ದು ಸಡಿಲ ಉಂಟು" ಎಂದೆ. "ನಿನ್ನ ಮಮ್ಮಿಗೆ ಹೇಳು."