ಆರನೆಯ ತುಂಡಿಗಿಲ್ಲದ ಅಂಗೈ ಗುರುತು

ಹುಂಜದ ರಕ್ತವನ್ನು ಬುನಾದಿಗೆ ನಿಲ್ಲಿಸಿದ ಆರೂ ತುಂಡುಗಳ ಮೇಲೆ ಚಿಮುಕಿಸಿ, ಒಂದು ಹಿಡಿ ಉಪ್ಪೆಸೆದು, ಮೇಸ್ತ್ರಿ ಲಯಾಶಿ ಅಲ್ಲೇ ಮಣ್ಣುಗುಡ್ಡೆಯ ಮೇಲೆ ಕುಸಿದು ಕೂತ. ಅರವತ್ತೆರಡು ವರ್ಷಗಳ ಸುಸ್ತೆಲ್ಲ ಸೊಂಟಕ್ಕೇ ಇಳಿದಂತಿತ್ತು.

ಮನೆ ಅವನ ತಂಗಿ ತಾಮೂಳದು. ತೆತ್ವಾನ್ ಸೀಮೆಯ ಈ ಗುಡ್ಡದ ಜೇಡಿಮಣ್ಣು ಚಳಿಗಾಲದ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಲಯಾಶಿಯೇ ಹಾಕಿದ ಎರಡು ಕಲ್ಲಿನ ಬುನಾದಿಗಳನ್ನು ಮುರಿದು ಹಾಕಿತ್ತು. ಗಂಡ ತೀರಿಕೊಂಡ ತಾಮೂ ಎರಡು ವರ್ಷದಿಂದ ಅಣ್ಣನ ಆಡುಗಳ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದಳು. ಇದೂ ಮುರಿದರೆ ಅವಳಿಗೆ ಸೂರಿಲ್ಲ, ಇವನಿಗೆ ಮೇಸ್ತ್ರಿಯೆಂಬ ಹೆಸರಿಲ್ಲ.

ಆಗ ದಿಬ್ಬದ ಮೇಲಿನ ಹಳೆಯ ಗಾಳಿಯಂತ್ರಗಳನ್ನು ಇಳಿಸಿದರು. ಕೊಳವೆಯಂತೆ ಕೊಯ್ದ ರೆಕ್ಕೆಯ ತುಂಡುಗಳನ್ನು ಕೇಳಿದವರಿಗೆಲ್ಲ ಹಂಚಿದರು. ಗುಂಡಿಯಲ್ಲಿ ನಿಲ್ಲಿಸಿ ಕಲ್ಲು, ಗಾರೆ ತುಂಬಿದರೆ ಮಣ್ಣು ಎಷ್ಟು ಹೊರಳಿದರೂ ಜಗ್ಗುವುದಿಲ್ಲವೆಂದು ಹಂಚಲು ಬಂದ ಇಂಜಿನಿಯರ್ ಹೇಳಿದ್ದ.

"'ಅಮ್ಮಾ, ಇದು ಕಸವಲ್ಲ, ಸಂಪತ್ತು!'" ತಾಮೂ ಹುಲ್ಲಿನ ಟೋಪಿಯನ್ನು ಹುಬ್ಬಿಗೆಳೆದು, ಮೂಗಿನಲ್ಲೇ ಇಂಜಿನಿಯರನ ದನಿ ತೆಗೆದಳು. "ಗಾಳಿಯಂತ್ರದೋನು ಆಡಿದ್ದು ಗಾಳಿಮಾತು ಆಗ್ದೇ ಇದ್ರೆ ಸಾಕಪ್ಪಾ."

ಕೂಲಿಯಾಳು ಮುಫದ್ದಲ್ ನಕ್ಕು, ಎಣ್ಣೆ ತೇಲುವ ಬಿಸ್ಸಾರ ಎಂಬ ಕಾಳಿನ ಗಂಜಿಯ ಬಟ್ಟಲನ್ನು ಮೇಸ್ತ್ರಿಯ ಮುಂದಿಟ್ಟ. ಲಯಾಶಿ ರೊಟ್ಟಿ ಮುರಿದು ಅದ್ದಿದ. ಬಾಯಿಗಿಡುವಾಗ ಕಣ್ಣು ತುಂಡುಗಳ ಮೇಲೆ ಹಾಯಿತು. ಕೈ ಅಲ್ಲೇ ನಿಂತಿತು.

ರೆಕ್ಕೆಯ ಎರಡು ಪದರಗಳ ನಡುವೆ ಹಗುರ ಮರವಿತ್ತು. ಗುಂಡಿಯ ತಳಕ್ಕೆ ಹೋಗುವ ಕೊಯ್ದ ಅಂಚಿಗೆ ಡಾಂಬರು ಬಳಿಯದಿದ್ದರೆ ಮರ ನೀರು ಕುಡಿದು ಕೊಳೆತು, ಪದರ ಸೀಳುತ್ತಿತ್ತು. ಲಯಾಶಿ ಒಂದೊಂದಕ್ಕೂ ಬಳಿದ ಮೇಲೆ, ಲೆಕ್ಕ ತಪ್ಪದಿರಲೆಂದು, ಡಾಂಬರಿನ ಅಂಗೈಯನ್ನು ಅದರ ಮೈಗೆ ಒತ್ತುತ್ತಿದ್ದ. ನೆಲದ ಮೇಲೆ ಕಾಣುವ ಆ ಬಿಳಿ ಮೈಗಳಲ್ಲಿ ಕಪ್ಪು ಅಂಗೈಗಳು ಐದೇ ಇದ್ದವು.

ನೆನಪಾಯಿತು. ಆರನೆಯದಕ್ಕೆ ಕುಂಚ ಎತ್ತುವಾಗ ತಾಮೂ ಚಹಾಕ್ಕೆ ಕೂಗಿದ್ದಳು. ಚಹಾ ಕುಡಿದು ಬಂದವನೇ, ತುಂಡನ್ನು ಗುಂಡಿಗಿಳಿಸಲು ಹಗ್ಗ ಹಿಡಿದಿದ್ದ.

ತನಗೊಬ್ಬನಿಗೇ ಗೊತ್ತು. ಸುಮ್ಮನಿದ್ದರೆ ನಾಲ್ಕೈದು ಮಳೆ ತಡೆದೀತು. ಅಷ್ಟರಲ್ಲಿ ತಾನೇ ಮಣ್ಣಲ್ಲಿರಬಹುದು. ಅದಕ್ಕಿಂತ, ರಕ್ತ ಬಿದ್ದ ಬುನಾದಿಯನ್ನು ಕಿತ್ತ ಮನೆಯಲ್ಲಿ ವರ್ಷದೊಳಗೆ ಒಂದು ಸಾವು ಎಂದು ಗುಡ್ಡದ ಮೇಲಿನವರೆಲ್ಲ ಬಲ್ಲರು. ಮೊದಲು ತುಂಡುಗಳನ್ನು ನೋಡಿ ಆಮೇಲೆ ಹುಂಜ ಕೊಯ್ಯಬೇಕಿತ್ತು. ಬೇಗ ಮುಗಿಸುವ ಆಸೆಗೆ ಕೊಯ್ದೇಬಿಟ್ಟಿದ್ದ.

"ಮುಫದ್ದಲ್, ಕೊನೇದಕ್ಕೆ ಹಾಕಿದ ಗಾರೆ ಗಟ್ಟಿಯಾಯ್ತೇನೋ?"

"ಸಂಜೆಗಾಗುತ್ತೆ ಮೇಸ್ತ್ರೀ. ಯಾಕೆ, ಅದನ್ನೂ ರೊಟ್ಟಿಗೆ ಹಚ್ಕೋತೀರಾ?"

ಗಾರೆ ಗಟ್ಟಿಯಾದ ಮೇಲೆ ಕೀಳುವ ಮಾತೇ ಇಲ್ಲ; ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಲಯಾಶಿ ತಂಗಿಯನ್ನು ನೋಡಿದ. ಅವಳು ಇನ್ನೂ ಇಲ್ಲದ ಬಾಗಿಲಲ್ಲಿ ನಿಂತು, ಇನ್ನೂ ಇಲ್ಲದ ಒಲೆಯ ಜಾಗವನ್ನು ಕಾಲಲ್ಲಿ ಗೀಚುತ್ತಿದ್ದಳು.

"ತಾಮೂ, ಆರನೇದಕ್ಕೆ ಡಾಂಬರು ಹಚ್ಚೋದು ಮರೆತೆ ಕಣೇ."

ಗೀಚುತ್ತಿದ್ದ ಕಾಲು ನಿಂತಿತು. "ರಕ್ತ ಹಾಕಿ ಆಯ್ತಲ್ಲೋ ಅಣ್ಣಾ!"

"ಹೂಂ."

ಮುಫದ್ದಲ್ ತನ್ನ ಬಟ್ಟಲಿನೊಳಗೆ ಮುಖವಿಟ್ಟ. ತಾಮೂ ಆರನೆಯ ತುಂಡಿನ ಬಳಿ ಹೋಗಿ ಬಗ್ಗಿದಳು, ಬೆರಳಿಂದ ಸವರಿದಳು. ಆ ನುಣುಪು ಮೈಯಲ್ಲಿ ರಕ್ತ ನಿಲ್ಲದೆ ಜಾರಿ, ಹೊರಗಿನ ಮಣ್ಣಿನಲ್ಲಿ ಹೆಪ್ಪಾಗಿತ್ತು. ನೊಣಗಳೂ ಅಲ್ಲೇ ಮುತ್ತಿದ್ದವು.

"ಇಲ್ನೋಡು. ಕಲ್ಲಾಗಿದ್ರೆ ಕುಡೀತಿತ್ತು. ಇದು ಒಂದು ಹನೀನೂ ಮುಟ್ಟಿಲ್ಲ. ಕುಡೀದೇ ಇದ್ಮೇಲೆ ಅದೆಂಥಾ ಬಲಿ?"

"ಹಂಗಾದ್ರೆ ಹುಂಜ?" ಎಂದ ಮುಫದ್ದಲ್.

"ಸಾರಿಗೆ. ಇನ್ನೊಂದಿದೆಯಲ್ಲ, ನಸುಕಲ್ಲೇ ಕೂಗಿ ನಿದ್ದೆ ಕೆಡಿಸೋದು, ಅದನ್ನ ನಾಳೆ ಕೊಯ್ಯೋಣ. ಈ ಸಲ ಗಾರೆ ಮೇಲೇ ಹಾಕು ಅಣ್ಣಾ, ಗಾರೆ ಕುಡಿಯುತ್ತೆ."

ಅವಳು ಇದನ್ನು ನಂಬಿದಳೋ, ಅಣ್ಣನಿಗಾಗಿ ನಂಬಿದಂತೆ ಮಾಡಿದಳೋ ಲಯಾಶಿಗೆ ತಿಳಿಯಲಿಲ್ಲ. ಸವರಿದ ಬೆರಳನ್ನು ಅವಳು ಲಂಗಕ್ಕೆ ಒರೆಸುತ್ತಲೇ ಇದ್ದಳು, ಒರೆಸುತ್ತಲೇ ಇದ್ದಳು.

ಅವನು ಏಳಲು ನೋಡಿದ. ಮಂಡಿ ಒಪ್ಪಲಿಲ್ಲ.

"ಒಂಚೂರು ಕೈ ಕೊಡೇ."

"ಕೈ ಕೊಟ್ಟೋನು ನೀನು," ಎನ್ನುತ್ತಲೇ ತಾಮೂ ಕೈ ಚಾಚಿ ಅವನನ್ನು ಎಬ್ಬಿಸಿದಳು. ಬಳಿಕ ಬಾಂಡ್ಲಿ ತೆಗೆದುಕೊಂಡು ಆರನೆಯ ತುಂಡಿನ ಹಸಿ ಗಾರೆಯನ್ನು ಮೊದಲು ತಾನೇ ತೋಡತೊಡಗಿದಳು.