ಖಂಡೇಪೂಜೆಯ ಚಾಕು

ಬಾಗಿಲು ಕಾಯುವ ಕೆಲಸಕ್ಕೆ ಸೇರಿದ ವರ್ಷವೇ ಅಣವೀರಪ್ಪ ಹೆಂಡತಿ ಹಾಲವ್ವನಿಗೆ ಮಾತು ಕೊಟ್ಟಿದ್ದ: ಹೊಡೆದಾಟಕ್ಕೆ ಹೊರಟವನ ಕೈಗೆ ತಾನು ಚಾಕು ಕೊಡುವುದಿಲ್ಲ. ಅವನು ಕಾಯುವ, ಮುಂಬಯಿ ಸಾಂತಾಕ್ರೂಜಿನ ನೈಟ್‌ಕ್ಲಬ್ಬನ್ನು ನಡೆಸುವವರೂ ಅಲ್ಲಿಗೆ ಬರುವವರೂ ಗೂಂಡಾಗಳೇ. ಒಳಗೆ ಹೋಗುವ ಮೊದಲು ಎಲ್ಲರೂ ಆಯುಧಗಳನ್ನು ಅವನ ಟ್ರಂಕಿಗೆ ಹಾಕಬೇಕು, ಮಾಲೀಕ ಗುರುಶಾಂತ ಶೇಟನೂ ಸಹ.

ನವಮಿಯಂದು, ಆಯುಧಗಳಿಗೆ ಖಂಡೇಪೂಜೆ ಮಾಡಿದ ಸಂಜೆ, ಶೇಟ ಸಿಟ್ಟಿನಿಂದ ಕುದಿಯುತ್ತ ಕ್ಲಬ್ಬಿನಿಂದ ಹೊರಗೆ ಬಂದ. "ಅಣವೀರ, ನನ್ನ ಚಾಕು ತಗಿ. ನನ್ನ ಧಂದೇಕ್ಕ ಅಡ್ಡ ಬರೋ ಆ ಪರೇಲಿನವನ್ನ ಇವತ್ತ ಮುಗಸ್ತೀನಿ."

ಅಣವೀರಪ್ಪ ಟ್ರಂಕು ತೆರೆದ. ಚಾಕುಗಳೆಲ್ಲ ವಿಭೂತಿ, ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವಿನ ಕೆಳಗೆ ಮಲಗಿದ್ದವು. "ಪೂಜಿಗೆ ಕುಂತಾವ್ರಿ ಶೇಟ್ರ. ನಾಳೆ ದಶಮಿತನಕ ಮುಟ್ಟಂಗಿಲ್ಲ."

"ಮಗನ, ನನ್ನ ಧಂದೇಕ್ಕೂ ಪೂಜಾರಿ ಆದೇನು?" ಎಂದು ಶೇಟ ನಕ್ಕುಬಿಟ್ಟ. ಸೊಲ್ಲಾಪುರದ ಮನುಷ್ಯ, ಪೂಜೆಗಿಟ್ಟದ್ದನ್ನು ಎತ್ತುವ ಧೈರ್ಯ ಅವನಿಗಿರಲಿಲ್ಲ. ಟ್ರಂಕಿಗೆ ಕೈಮುಗಿದು ಮರಳಿ ಒಳಗೆ ಹೋದ. ಬೆಳಗಾಗುವಷ್ಟರಲ್ಲಿ ಸಿಟ್ಟು ಇಳಿದೀತು ಎಂದು ಅಣವೀರಪ್ಪ ಅಂದುಕೊಂಡ.

ಮರುದಿನ ಶೇಟ ಅವನ ಕೈಗೆ ದಸರೆಯ ಬನ್ನಿ ಎಲೆ ಕೊಟ್ಟು, ತಬ್ಬಿಕೊಂಡು, "ಬಂಗಾರದಂಗ ಇರೋಣು" ಎಂದ. ಆಮೇಲೆ ಕೈ ಚಾಚಿದ. "ದಶಮಿ ಆತು. ಈಗ ಕೊಡು."

"ಸಿಟ್ಟು ಇನ್ನೂ ಇಳೀಲಿಲ್ಲೇನ್ರಿ?"

"ಸಿಟ್ಟಲ್ಲೋ, ಕೆಲಸ."

ಅಡ್ಡ ಹೇಳಲು ಇನ್ನೊಂದು ಹಬ್ಬ ಇರಲಿಲ್ಲ. ಅಣವೀರಪ್ಪ ಕುಂಕುಮ ಒರೆಸಿ ಚಾಕು ಕೊಟ್ಟ. ಹಾಲವ್ವನಿಗೆ ಕೊಟ್ಟ ಮಾತು ತಪ್ಪಿತು.