ಪೂರಾ ಒಂದು

ನಳದ ಬಾಯಿಗೆ ಹುಣಸೆಹಣ್ಣು ಮೆತ್ತಿ ರಂಗೂಬಾಯಿ ತಿಕ್ಕಲು ಶುರುಮಾಡಿದರು. ಹಿಂದೆ ಕೊಡ ಹಿಡಿದು ನಿಂತಿದ್ದ ಅಂಬಾಳ ಜೀವ ಚಡಪಡಿಸಿತು. ಬೆಲ್ಲದ ಸಾವಕಾರ ರಾಮಲಿಂಗಪ್ಪನ ಮನೆಯವರು ಈಗಷ್ಟೇ ಆ ನಳ ಮುಟ್ಟಿ ಹೋಗಿದ್ದರು. ಅದನ್ನು ತಿಕ್ಕಿ ತೊಳೆಯದೆ ರಂಗೂಬಾಯಿ ಒಂದು ಹನಿ ಹಿಡಿಯುವವರಲ್ಲ. ಸಾವಕಾರನ ಮನೆಯವರು ಮಾತ್ರ ಸುಮ್ಮನಿದ್ದರೇ? ರಂಗೂಬಾಯಿ ಮುಟ್ಟಿದ ಮೇಲೆ ಅವರೂ ಬೂದಿ ಹಾಕಿ ತಿಕ್ಕುತ್ತಿದ್ದರು. ಇಡೀ ರವಿವಾರ ಪೇಠೆಯಲ್ಲಿ ಅಷ್ಟು ಥಳಥಳ ಹೊಳೆಯುವ ಹಿತ್ತಾಳೆಯ ನಳ ಇನ್ನೊಂದಿರಲಿಲ್ಲ. ನೀರು ಮಾತ್ರ ಯಾರಿಗೂ ಸಾಲುತ್ತಿರಲಿಲ್ಲ.

ಅದು ಕನ್ನಡದವರ ವಾಡೆ. ಧಾರವಾಡ, ಬೆಳಗಾವಿಯ ಕಡೆಯಿಂದ ಪುಣೆಗೆ ಹೊಟ್ಟೆಪಾಡಿಗೆ ಬಂದವರು ಒಂದೇ ಅಂಗಳದ ಸುತ್ತ ಬಿಡಾರ ಹೂಡಿದ್ದರು. ಮಹಡಿಯ ಮೇಲೆ ರೈಲ್ವೆ ಕಚೇರಿಯ ಕಾರಕೂನ ಬಿಂದುಮಾಧವ, ಅವನ ಹೆಂಡತಿ ಗೋದಾ, ತಿಂಗಳ ಕೂಸು, ಮತ್ತೆ ತಂಗಿ ಅಂಬಾ. ಗೋದಾಳ ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಇಲ್ಲೇ. ಬಾಣಂತಿ ಕೊಡ ಹೊರುವ ಹಾಗಿಲ್ಲ, ಬಾಣಂತಿಯ ಮನೆಗೆ ನೀರಂತೂ ಎಷ್ಟಿದ್ದರೂ ಬೇಕು. ಹೊರುವವಳು ಅಂಬಾ ಒಬ್ಬಳೇ.

ಹೊರುವುದಕ್ಕೆ ಅವಳು ಬೇಸರಪಟ್ಟವಳಲ್ಲ. ಆದರೆ ಅವಳಿಗೆ ಶಾಲೆ ಇತ್ತು. ಹದಿಮೂರಕ್ಕೇ ಗಂಡ ಸತ್ತ ಮಗಳ ತಲೆಗೆ ಕತ್ತರಿ ಮುಟ್ಟಿಸಲು ಬಿಡದ ಹಟಮಾರಿ ಅಪ್ಪ, ಸಾಯುವಾಗ ಅವಳನ್ನು ಮಗನ ಕೈಗಿಟ್ಟು ಓದಿಸು ಎಂದಿದ್ದ. ಇಪ್ಪತ್ತು ದಾಟಿದ ಅಂಬಾ ಈಗ ಹೆಂಗಸರ ಶಾಲೆಯ ಕೊನೆಯ ಇಯತ್ತೆಗೆ ಬಂದಿದ್ದಳು. ನಳದ ಜಗಳದಲ್ಲಿ ದಿನಾ ತಡ. ಇನ್ನೊಮ್ಮೆ ತಡವಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ಅಣ್ಣನೂ ಮುಖ ಸಣ್ಣದು ಮಾಡಿಕೊಂಡು, ಸೋಮವಾರದೊಳಗೆ ನೀರಿನ ವ್ಯವಸ್ಥೆ ಆಗದಿದ್ದರೆ ಈ ವರ್ಷ ಶಾಲೆ ಬಿಡಬೇಕಾದೀತು ಎಂದಿದ್ದ.

ವಾಡೆಯಲ್ಲಿ ಎರಡು ಪಕ್ಷ. ರಾಮಲಿಂಗಪ್ಪನದು ದೊಡ್ಡ ಸಂಸಾರ. ತಾಯಿ ಬಸವಣ್ಣೆವ್ವ, ಹೆಂಡತಿ, ತಮ್ಮಂದಿರು, ಸೊಸೆಯರು, ಮಕ್ಕಳು, ಇಷ್ಟು ಸಾಲದೆಂದು ಹಿತ್ತಲಿನ ಚಪ್ಪರದಲ್ಲಿ ಇಂದಾಪುರದ ಕಡೆಯ ಹಮಾಲರು. ನೀರು ತಲೆಗಿಷ್ಟು ಎಂದು ಹಂಚಬೇಕೆಂಬುದು ಅವನ ವಾದ. ರಂಗೂಬಾಯಿಯ ಗಂಡ, ಪಿಂಚಣಿದಾರ ಮಾರ್ತಾಂಡರಾಯರ ಮನೆಯಲ್ಲಿ ಗಂಡಹೆಂಡಿರಿಬ್ಬರೇ. ಬಾಡಿಗೆ ಎಲ್ಲರೂ ಒಂದೇ ಕೊಡುತ್ತೇವೆ, ನೀರೂ ಮನೆಗಿಷ್ಟು ಎಂದೇ ಇರಬೇಕೆಂದು ಅವರ ವಾದ. ಅದು ಸೈಮನ್ ಸಾಹೇಬನ ಕಮಿಶನ್ ಬಂದ ವರ್ಷ. ಊರಿಗೆ ಊರೇ ಕೌನ್ಸಿಲಿನಲ್ಲಿ ಯಾರಿಗೆಷ್ಟು ಸೀಟು ಎಂದು ಕಚ್ಚಾಡುತ್ತಿತ್ತು. ವಾಡೆಯ ಗಂಡಸರಿಗೂ ಗಂಟಲು ಚೆನ್ನಾಗಿ ಪಳಗಿತ್ತು.

ಇಂಥದರಲ್ಲಿ ಶಾಲೆಯಲ್ಲಿ ಅಮೆರಿಕಾದ ಇತಿಹಾಸ ಬಂತು. ಪಾಠ ಹೇಳುವ ಶಾಮಲಾಬಾಯಿ ಮರಾಠಿಯಲ್ಲಿ ಕಥೆ ಹೇಳಿದ ಹಾಗೆ ಹೇಳುತ್ತಿದ್ದರು. ಹದಿಮೂರು ಸಂಸ್ಥಾನಗಳು ಕೂಡಿ ಇಂಗ್ಲಿಷರನ್ನು ಓಡಿಸಿದವು, ಓಡಿಸಿದ ಮೇಲೆ ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದವು. ಫಿಲಡೆಲ್ಫಿಯಾದಲ್ಲಿ ಬೇಸಿಗೆಯ ಸೆಕೆಯಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು ಮುಖಂಡರು ಬಡಿದಾಡಿದರು. ದೊಡ್ಡ ವರ್ಜೀನಿಯಾ ಜನ ಎಣಿಸಿ ಅಧಿಕಾರ ಕೊಡಿ ಎಂದಿತು. ಪುಟ್ಟ ಡೆಲಾವೇರ್, ಸಂಸ್ಥಾನಕ್ಕೆ ಇಷ್ಟು ಎಂದು ಸಮ ಕೊಡದಿದ್ದರೆ ಎದ್ದು ಹೋಗುತ್ತೇನೆ ಎಂದಿತು. ಅಂಬಾಳಿಗೆ ಬೆಂಚಿನ ಮೇಲೆ ಕೂಡಲಾಗಲಿಲ್ಲ. ಇದು ತಮ್ಮ ವಾಡೆಯೇ!

ಮನೆಗೆ ಬಂದು ಗೋದಾಳಿಗೆ ಹೇಳಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಒಳಮನೆಯಲ್ಲಿ ರಾಮಲಿಂಗಪ್ಪ ವರ್ಜೀನಿಯಾ, ಮಾರ್ತಾಂಡರಾಯರು ಡೆಲಾವೇರ್. ಕಿಟಕಿಯಿಂದ ಅಂಗಳ ನೋಡುತ್ತ ಗೋದಾ, ವರ್ಜೀನಿಯಾ ಹಂಡೆ ತಂದಿತು, ಡೆಲಾವೇರ್ ಕೆಮ್ಮುತ್ತಿದೆ ಎಂದು ವರದಿ ಒಪ್ಪಿಸುವಳು. ಬಾಣಂತಿ ಹೀಗೆ ನಗಬಾರದು ಎಂದು ಅಂಬಾ ಗದರುವಳು. ಗದರುತ್ತಲೇ ಸೆರಗು ಬಾಯಿಗೆ ಒತ್ತಿಕೊಳ್ಳುವಳು. ಒಂದು ಸಲ ಬಸವಣ್ಣೆವ್ವ ಕೆಳಗಿನಿಂದ ಕೇಳಿಸಿಕೊಂಡು, ಈ ವರ್ಜೀನಿಯಾ ಎಂಬಾಕೆ ಯಾರ ಪೈಕಿ ಎಂದು ವಿಚಾರಿಸಿದ್ದಳು. ಅಮೆರಿಕಾದ ಕಡೆಯವರು ಎಂದು ಅಂಬಾ ಹೇಗೋ ತಪ್ಪಿಸಿಕೊಂಡಳು.

ಆ ದೊಡ್ಡ ಜಗಳ ಬಗೆಹರಿದ ರೀತಿ ಅವಳಿಗೆ ಭಾಳ ಹಿಡಿಸಿತು. ಒಂದರ ಬದಲು ಎರಡು ಸಭೆ ಮಾಡಿದರು. ಒಂದರಲ್ಲಿ ಎಲ್ಲ ಸಂಸ್ಥಾನಗಳೂ ಸಮ, ಇನ್ನೊಂದರಲ್ಲಿ ಜನಸಂಖ್ಯೆಯ ಲೆಕ್ಕ. ನಳಕ್ಕೂ ಎರಡು ಹೊತ್ತು ನೀರು ಬರುತ್ತಿತ್ತಲ್ಲ! ಬೆಳಿಗ್ಗೆ ಮನೆಗೆ ಐದು ಕೊಡ, ಎಲ್ಲರಿಗೂ ಸಮ. ಸಂಜೆ ತಲೆಗೊಂದು ಕೊಡ. ಅಣ್ಣನಿಗೆ ಹೇಳಿದಳು. ಬಿಂದುಮಾಧವ ಊಟ ಬಿಟ್ಟು ಅವಳನ್ನೇ ನೋಡಿದ. ಭಾನುವಾರ ಅಂಗಳದಲ್ಲಿ ಎಲ್ಲರನ್ನೂ ಕೂಡಿಸುತ್ತೇನೆ ಎಂದ.

ಆದರೆ ಅದೇ ವಾರ ಶಾಮಲಾಬಾಯಿ ಪಾಠದ ಉಳಿದ ಭಾಗ ಹೇಳಿದ್ದರು. ಜನ ಎಣಿಸುವಾಗ ದಕ್ಷಿಣದ ಧಣಿಗಳು ತಮ್ಮ ಗುಲಾಮರನ್ನೂ ಎಣಿಸಬೇಕೆಂದರಂತೆ. ಅವರಿಗೆ ಮತವಿಲ್ಲ, ಮಾತಿಲ್ಲ, ಎಣಿಕೆ ಮಾತ್ರ ಬೇಕು. ಕೊನೆಗೆ ಒಬ್ಬ ಗುಲಾಮನೆಂದರೆ ಐದರಲ್ಲಿ ಮೂರು ಪಾಲು ಮನುಷ್ಯ ಎಂದು ಚೌಕಾಸಿಯಾಯಿತು. ಬಿಟ್ಟ ಎರಡು ಪಾಲು ಯಾವುದು, ತಲೆಯೋ ಕಾಲೋ ಎಂದು ಅಂಬಾ ಕೇಳಿದಳು. ತರಗತಿ ಘೊಳ್ಳೆಂದಿತು. ಶಾಮಲಾಬಾಯಿ ನಗಲಿಲ್ಲ. ಆ ಪ್ರಶ್ನೆಯನ್ನು ಫಿಲಡೆಲ್ಫಿಯಾದಲ್ಲಿ ಕೂತವರು ಹೀಗೆ ಕೇಳಿದ್ದರೆ ಮುಂದೆ ಅಷ್ಟು ರಕ್ತ ಹರಿಯುತ್ತಿರಲಿಲ್ಲ ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು.

ಭಾನುವಾರ ಅಂಗಳ ತುಂಬಿತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬಾಗಿಲಲ್ಲಿ, ಹಮಾಲರು ಹಿತ್ತಲಿನ ಮೂಲೆಯಲ್ಲಿ. ಬಿಂದುಮಾಧವ ಕೆಮ್ಮಿ ಕೆಮ್ಮಿ ಎರಡು ಹೊತ್ತಿನ ವಿಚಾರ ಮಂಡಿಸಿದ. ಮಾರ್ತಾಂಡರಾಯರು ಮೂಗಿನ ಮೇಲಿನ ಕನ್ನಡಕ ಏರಿಸಿ, ವಿಚಾರ ಬುದ್ಧಿವಂತಿಕೆಯದು ಎಂದು ಒಪ್ಪಿದರು. ರಾಮಲಿಂಗಪ್ಪ ಮನಸ್ಸಿನಲ್ಲೇ ಗುಣಾಕಾರ ಮಾಡಿ ಮೀಸೆ ಸವರಿಕೊಂಡ. ಇಷ್ಟು ಸಲೀಸಾಗಿ ಆಗುವುದೆಂದು ಯಾರೂ ಎಣಿಸಿರಲಿಲ್ಲ. ಮೇಲೆ ಕಿಟಕಿಯಲ್ಲಿ ಗೋದಾ ಅಂಬಾಳ ಕೈ ಹಿಸುಕಿದಳು.

ತಲೆ ಎಣಿಸಲು ಒಂದು ಉಪಾಯವಾಯಿತು. ಪ್ರತಿಯೊಂದು ಜೀವಕ್ಕೆ ಒಂದು ತಂಬಿಗೆಯನ್ನು ಅಂಗಳದಲ್ಲಿ ಸಾಲಾಗಿ ಇಡುವುದು. ಮಾರ್ತಾಂಡರಾಯರ ಎರಡು ತಂಬಿಗೆ ಬಂದು ಕೂತವು. ಬಿಂದುಮಾಧವ ಕೂಸಿನ ಗಿಂಡಿಯೂ ಸೇರಿ ನಾಲ್ಕು ಇಟ್ಟ. ಕೂಸಿನ ಬಟ್ಟೆಗೇ ಹೆಚ್ಚು ನೀರು, ಅದು ಪೂರಾ ತಲೆಯೇ ಎಂದು ಎಲ್ಲರೂ ನಕ್ಕು ಒಪ್ಪಿದರು. ಅಂಬಾಳ ತಂಬಿಗೆ ಅಟ್ಟದಿಂದ ಇಳಿಸಿದ್ದು. ಮದುವೆಯಲ್ಲಿ ಅಪ್ಪ ಹೆಸರು ಕೊರೆಸಿ ಕೊಟ್ಟದ್ದು, ಆಮೇಲೆ ಯಾರೂ ಬಳಸದೆ ಕಪ್ಪಗಾಗಿತ್ತು. ರಾಮಲಿಂಗಪ್ಪನ ಸಾಲು ಮಾತ್ರ ನಳದಿಂದ ಹೊರಟು ಹಿತ್ತಲಿನ ಬಾಗಿಲಿನ ತನಕ ಹೋಯಿತು. ಕೊನೆಯಲ್ಲಿ ಹಮಾಲರ ತಂಬಿಗೆಗಳು, ಅವರ ಮುಖ್ಯಸ್ಥ ಶಿವಪ್ಪನದು ನೆಗ್ಗಿದ ಜರ್ಮನ್ ಅಲ್ಯುಮಿನಿಯಂ ತಂಬಿಗೆ.

ಮಾರ್ತಾಂಡರಾಯರು ಅಲ್ಲಿ ಕಾಲೂರಿದರು. ಹಮಾಲರು ಹೊಳೆಯಲ್ಲಿ ಮೀಯುವವರು, ಅವರ ಪಾಲಿನ ನೀರು ಸಾವಕಾರನ ಹಂಡೆ ಸೇರುತ್ತದೆ ಎಂದರು. ರಾಮಲಿಂಗಪ್ಪ ಬಿಡಲಿಲ್ಲ. ಚೌಕಾಸಿ ಏರಿತು, ಇಳಿಯಿತು. ಕೊನೆಗೆ ಬೆಲ್ಲದ ಪೆಂಟೆಗೆ ದರ ಮುರಿದ ಹಾಗೆ, ಹಮಾಲನಿಗೆ ಅರ್ಧ ಎಂದು ಮುರಿಯಿತು. ಗೆದ್ದ ಉಮೇದಿನಲ್ಲಿ ರಾಯರು ಇತ್ತ ತಿರುಗಿ ಕೋಲಿನ ತುದಿಯಿಂದ ಆ ಕಪ್ಪು ತಂಬಿಗೆಯನ್ನು ತೋರಿಸಿದರು.

"ಹಂಗಾದ್ರ ಇದೂ ಅರ್ಧಾನ ಹಿಡೀರಿ. ಅಂಬಾ ಒಪ್ಪತ್ತಿನಾಕಿ. ರಾತ್ರಿ ಅಡಗಿಲ್ಲ, ಊಟಿಲ್ಲ. ಅರ್ಧಾ ಕೊಡಾ ಸಾಕಾಗ್ತದ."

ಅವರ ದನಿಯಲ್ಲಿ ದ್ವೇಷವಿರಲಿಲ್ಲ, ಬರೀ ಲೆಕ್ಕವಿತ್ತು. ಅದೇ ಅಂಬಾಳಿಗೆ ಹೆಚ್ಚು ಚುಚ್ಚಿತು. ಬಿಂದುಮಾಧವ ತಲೆ ತಗ್ಗಿಸಿದ. ಅವನ ಮನಸ್ಸು ಅವಳಿಗೆ ತಿಳಿಯದ್ದೇನಲ್ಲ. ಅರ್ಧ ಕೊಡದಲ್ಲಿ ಹೋಗುವುದೇನು, ಒಪ್ಪಂದ ಉಳಿದರೆ ನಾಳೆ ತಂಗಿ ಶಾಲೆಗೆ ಹೋಗುತ್ತಾಳೆ. ಅವಳೂ ಒಂದು ಗಳಿಗೆ ಹಾಗೆಯೇ ಅಂದುಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ಪರೀಕ್ಷೆ, ತೆರೆದರೆ ಎಲ್ಲ ಮಣ್ಣುಪಾಲು. ಆದರೆ ಅಷ್ಟರಲ್ಲಿ ಕಾಲುಗಳು ಮೆಟ್ಟಿಲು ಇಳಿಯುತ್ತಿದ್ದವು.

ಗಂಡಸರ ಸಭೆಯ ನಡುವೆ ಬಂದು ನಿಂತು ರಾಯರನ್ನೇ ಕೇಳಿದಳು.

"ಕಾಕಾ, ಯಾವ ಅರ್ಧಾ ಬಿಡ್ತೀರಿ? ನೀರು ಹೊರೂ ಅರ್ಧಾನೋ, ಓದೂ ಅರ್ಧಾನೋ?"

ರಾಯರ ಕೋಲು ಅಲ್ಲೇ ನಿಂತಿತು. ಅವಳು ರಾಮಲಿಂಗಪ್ಪನ ಕಡೆ ತಿರುಗಿದಳು.

"ನಾ ಪೂರಾ ಒಂದು. ಶಿವಪ್ಪನೂ ಪೂರಾ ಒಂದು. ಆದ್ರ ಸಾವಕಾರ್ರ, ಎಣಸಿದ ಮ್ಯಾಲ ಅವರ ಕೊಡಾ ಅವರಿಗೇ ಮುಟ್ಟಬೇಕು. ಅವರ ತಲಿ ಎಣಿಸಿ ನಿಮ್ಮ ಹಂಡೆ ತುಂಬಿಸಿಕೋಬ್ಯಾಡ್ರಿ. ಇದಕ್ಕ ಒಪ್ಪಂದ ಮುರೀತದ ಅಂದ್ರ ಮುರೀಲಿ. ನಾಳಿ ನಾ ಸಾಲಿಗೆ ಹೋಗೂದಿಲ್ಲ, ಅಷ್ಟ."

ಮೂಲೆಯಲ್ಲಿ ಶಿವಪ್ಪ ನೆಲ ನೋಡುತ್ತಿದ್ದವನು ತಲೆ ಎತ್ತಿದ. ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದ ಬಸವಣ್ಣೆವ್ವನ ಕುಟ್ಟಾಣಿಯೂ ನಿಂತಿತು. ಮುದುಕಿ ಸೊಂಟ ಹಿಡಿದುಕೊಂಡು ಎದ್ದು, ನಿಧಾನಕ್ಕೆ ಸಾಲಿನ ಕೊನೆಗೆ ಹೋಗಿ, ಶಿವಪ್ಪನ ನೆಗ್ಗಿದ ತಂಬಿಗೆ ಎತ್ತಿಕೊಂಡು ಬಂದು ಅಂಬಾಳ ಕಪ್ಪು ತಂಬಿಗೆಯ ಪಕ್ಕದಲ್ಲಿ ಇಟ್ಟಳು.

"ಹುಡುಗಿ ಖರೇ ಹೇಳ್ತೈತಿ, ರಾಮಲಿಂಗಾ. ನಿನ್ನ ಚೀಲಾ ಹೊರೂವಾಗ ಅವ ಅರ್ಧಾ ಹೊರತಾನೇನು?" ಆಮೇಲೆ ಅಂಬಾಳ ಕಡೆ ತಿರುಗಿ, "ಇದನ್ನೆಲ್ಲಾ ಆ ವರ್ಜೀನಿಯಾ ಕಲಿಸ್ಯಾಳೇನವ್ವಾ?" ಎಂದಳು.

ಮೇಲಿನ ಕಿಟಕಿಯಿಂದ ಕಿಸಕ್ಕೆಂದು ನಗು ಕೇಳಿತು. ತಡೆಯಲಾರದೆ ಅಂಬಾ ಕೂಡ ನಕ್ಕಳು, ಕಣ್ಣಲ್ಲಿ ನೀರು ಬರುವ ಹಾಗೆ. ಏನೆಂದು ತಿಳಿಯದೆ ರಾಮಲಿಂಗಪ್ಪನೂ ಹಲ್ಲು ಬಿಟ್ಟ. ತಾಯಿಯ ಮಾತು ಮೀರುವ ಧೈರ್ಯ ಅವನಿಗೆ ಎಂದೂ ಇರಲಿಲ್ಲ. ಪೂರಾ ಪೂರಾನೇ ಆಗಲಿ ಎಂದ. ಮಾರ್ತಾಂಡರಾಯರು ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಒಪ್ಪಿದರೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಸೋಮವಾರ ಬೆಳಿಗ್ಗೆ ರಂಗೂಬಾಯಿಯ ಪಾಳಿ ಮೊದಲು. ಅಂಬಾ ಹಿಂದೆ ನಿಂತು ಕೊಡ ಎಣಿಸುತ್ತಿದ್ದಳು. ರಂಗೂಬಾಯಿ ಹುಣಸೆಹಣ್ಣು ಮೆತ್ತಿದರು, ತಿಕ್ಕಿದರು, ಐದು ಕೊಡ ತುಂಬಿದರು, ಸೆರಗಿಗೆ ಕೈ ಒರೆಸಿಕೊಂಡು ಸುಮ್ಮನೆ ಪಕ್ಕಕ್ಕೆ ಸರಿದರು. ಅಷ್ಟೇ. ಅಂಬಾ ತನ್ನ ಐದು ಕೊಡ ಹೊತ್ತು ಹಾಕಿ, ಗೋದಾಳಿಗೆ ಸ್ನಾನಕ್ಕೆ ನೀರು ಬಿಟ್ಟು, ಒದ್ದೆ ನೆರಿಗೆಯಲ್ಲೇ ಓಡಿದಳು. ಶಾಲೆಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಜವಾನ ಹಗ್ಗ ಹಿಡಿದು ನಿಂತಿದ್ದವನು ಅವಳನ್ನು ನೋಡಿ, ಗಡಿಯಾರ ಹಿಂದೆ ಬಿದ್ದಿತೇನೋ ಎಂದು ಒಳಗೆ ಬಗ್ಗಿ ನೋಡಿದ.

ಸಂಜೆ ಶಾಮಲಾಬಾಯಿ ಪರೀಕ್ಷೆಗೆ ಕೂಡುವವರನ್ನು ನಿಲ್ಲಿಸಿಕೊಂಡು ಇನ್ನೂ ಪಾಠ ಹೇಳಿದರು. ತನ್ನ ಹೆಸರನ್ನೂ ಕರೆದರಲ್ಲ ಎಂಬ ಸಂತೋಷದಲ್ಲಿ ಅಂಬಾ ನಳದ ಹೊತ್ತನ್ನೇ ಮರೆತಳು. ನೆನಪಾಗಿ ಓಡಿಬಂದಾಗ ನೀರು ನಿಂತುಹೋಗಿತ್ತು. ತಮ್ಮತಮ್ಮ ಪಾಲು ತುಂಬಿಕೊಂಡವರು ಎಣಿಕೆಗೆಂದು ಅಲ್ಲೇ ಬಿಟ್ಟಿದ್ದ ತಂಬಿಗೆಗಳನ್ನೂ ಒಯ್ದಿದ್ದರು. ಅಂಗಳ ಒದ್ದೆಯಾಗಿ ಖಾಲಿ ಬಿದ್ದಿತ್ತು. ಮೊದಲ ದಿನವೇ ಬಾಣಂತಿಯ ಮನೆಗೆ ನೀರಿಲ್ಲದ ಹಾಗೆ ಮಾಡಿದೆನಲ್ಲ ಎಂದು ಅವಳಿಗೆ ಅಳುವೇ ಬಂತು.

ಆಗ ಕಂಡಿತು. ನಳದ ಕಟ್ಟೆಯ ಮೇಲೆ ಅವರ ಮನೆಯ ನಾಲ್ಕು ಕೊಡ ಸಾಲಾಗಿ ಕೂತಿದ್ದವು, ನಾಲ್ಕೂ ತುಂಬಿದ್ದವು. ಮುಂದೆ ಅವಳ ತಂಬಿಗೆ, ಅದೂ ಕಂಠಮಟ್ಟ. ಪಕ್ಕದಲ್ಲಿ ಮಾರ್ತಾಂಡರಾಯರು ಕೋಲು ಹಿಡಿದು ಕೂತಿದ್ದರು. ಅವಳನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದರು.

"ಕಾಗಿ ಬಾಯಿ ಹಾಕ್ತಿದ್ದವು. ಅದಕ್ಕ ಕೂತೆ." ಕೋಲಿನ ತುದಿಯಿಂದ ತಂಬಿಗೆಯನ್ನು ತೋರಿಸಿ ಮತ್ತೆ ಹೇಳಿದರು, "ನೋಡಿಕೋವಾ. ಪೂರಾ ಅದ."

ಅಂಬಾ ಬಗ್ಗಿದಳು. ತಂಬಿಗೆ ಗುರುತು ಸಿಗದ ಹಾಗೆ ಹೊಳೆಯುತ್ತಿತ್ತು. ಕೊರೆದ ಅಕ್ಷರಗಳ ಸಂದಿಯಲ್ಲಿ ಹುಣಸೆಹಣ್ಣಿನ ಒಂದು ನಾರು ಇನ್ನೂ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ತೆಗೆದಾಗ ಅಪ್ಪ ಕೊರೆಸಿದ ಹೆಸರು ಸ್ಪಷ್ಟವಾಗಿ ಕಂಡಿತು.

ಕೊಡಗಳು ಆಮೇಲೆ ಬರಲಿ ಎಂದು ಅವಳು ಮೊದಲು ತಂಬಿಗೆಯನ್ನೇ ಎರಡೂ ಕೈಯಿಂದ ಎತ್ತಿಕೊಂಡಳು. ಒಂದು ಹನಿ ಚೆಲ್ಲಬಾರದೆಂದು ಮೆಟ್ಟಿಲು ಮೆಟ್ಟಿಲಿಗೂ ನಿಂತು ನಿಂತು ಹತ್ತಿದಳು. ಮೇಲಿನಿಂದ ಗೋದಾ ಕೂಸನ್ನು ತೊಡೆಯ ಮೇಲೆ ತಟ್ಟುತ್ತ ಪಿಸುದನಿಯಲ್ಲಿ ಕೇಳಿದಳು, "ಡೆಲಾವೇರ್ ಏನಂತು?"

ಅಂಬಾಳಿಗೆ ನಗು ತಡೆಯಲಾಗಲಿಲ್ಲ. ತಂಬಿಗೆ ತುಳುಕಿ ಮುಂಗೈ ತೋಯ್ದು, ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಅಂಗಳದ ಕಡೆ ಹರಿಯಿತು.